ಫ್ಯಾಮಿಲಿ ಲಿಂಕ್: ಟೈಮ್ ನೋಡಿಕೊಳ್ಳುತ್ತದೆ, ಚಾಟ್ ನೀವೇ ನೋಡಿಕೊಳ್ಳಬೇಕು

ಮಕ್ಕಳ ಫೋನಿಗೆ ನಮ್ಮ ಫೋನಿನಿಂದಲೇ ಕಡಿವಾಣ ಹಾಕುವ ಗೂಗಲ್‌ನ ಆ್ಯಪ್ ಫ್ಯಾಮಿಲಿ ಲಿಂಕ್ ನಮ್ಮ ಮನೆಗೆ ಬಂದಾಗ ಮಗ ಐದನೇ ಕ್ಲಾಸ್, ಈಗ ಏಳು. ದುಡ್ಡು ಕೊಡಬೇಕಿಲ್ಲ. ನಿಮ್ಮದು ಐಫೋನ್ ಆದರೂ ನಡೆಯುತ್ತದೆ, ಆದರೆ ಮಕ್ಕಳ ಫೋನ್ ಆಂಡ್ರಾಯ್ಡ್ ಇರಬೇಕು. ಟೈಮ್ ಲಿಮಿಟ್, ರಾತ್ರಿ ಲಾಕ್, ಲೊಕೇಶನ್ ಎಲ್ಲಾ ಚೆನ್ನಾಗಿದೆ.

ಅಪರಿಚಿತರ ಕಾಟ ತಪ್ಪುತ್ತದೆ ಅಂತ ಹಾಕಿಸಿಕೊಳ್ಳುವವರು ಮಾತ್ರ ಸ್ವಲ್ಪ ಕೇಳಿ. ಒಂದು ಆ್ಯಪ್‌ಗೆ ನೀವು ಓಕೆ ಕೊಟ್ಟ ಮೇಲೆ ಅದರೊಳಗೆ ಯಾರು ಏನು ಮಾತಾಡುತ್ತಾರೆ ಅನ್ನುವುದು ಇದಕ್ಕೆ ಕಾಣುವುದಿಲ್ಲ. ಎಷ್ಟು ಹೊತ್ತು ಆಡಿದ ಅಂತ ಹೇಳುತ್ತದೆ, ಅಷ್ಟೇ.

ಬೇಸಿಗೆ ರಜೆಯಲ್ಲಿ ಮಗ ಆಡುತ್ತಿದ್ದ ಗೇಮಿನ ಚಾಟ್‌ನಲ್ಲಿ ಯಾರೋ 'ಫ್ರೀ ಕಾಯಿನ್ಸ್ ಕೊಡ್ತೀನಿ ಬ್ರೋ, ವಾಟ್ಸಾಪ್ ನಂಬರ್ ಕಳಿಸು' ಅಂತ ಹಾಕಿದ್ದರು. ಸ್ವಲ್ಪ ಹೊತ್ತಿಗೆ 'ಮನೇಲಿ ಯಾರಿದ್ದಾರೆ?' ಮಗನೇ ತಂದು ತೋರಿಸಿದ. ಫೋನ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಇದ್ದಿದ್ದರೆ ತೋರಿಸುತ್ತಿದ್ದನಾ? ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್. ಮಕ್ಕಳ ವಿಷಯದ ದೂರನ್ನು ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು, ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ಉದ್ದೇಶದಿಂದ ಮಗುವಿಗೆ ಪದೇ ಪದೇ ಮೆಸೇಜ್ ಮಾಡುವುದೇ 2012ರ ಪೋಕ್ಸೋ ಕಾಯ್ದೆಯಲ್ಲಿ ಅಪರಾಧ, ಮುಖ ನೋಡಿರಬೇಕು ಅಂತೇನಿಲ್ಲ.

ಈಗ ಓಕೆ ಕೊಡುವ ಮುಂಚೆ ಪ್ಲೇ ಸ್ಟೋರ್‌ನಲ್ಲಿ ವಯಸ್ಸಿನ ರೇಟಿಂಗ್ ಒತ್ತಿ ನೋಡುತ್ತೇನೆ. ಅಲ್ಲಿ ಸಣ್ಣಗೆ 'ಯೂಸರ್ಸ್ ಇಂಟರಾಕ್ಟ್' ಅಂತ ಇದ್ದರೆ ಬೇರೆಯವರು ಮಾತಾಡಿಸಬಹುದು ಅಂತ ಅರ್ಥ. 3+ ಅಂತ ಬರೆದಿರುವ ಗೇಮಿನಲ್ಲೂ ಇದು ಸಿಗುತ್ತದೆ! ಅಂಥ ಗೇಮ್ ಬೇಕೇ ಬೇಕು ಅಂದರೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಸೆಟ್ಟಿಂಗ್ಸ್‌ನಲ್ಲೇ ಚಾಟ್ ಆಫ್ ಮಾಡುತ್ತೇನೆ. ಇನ್ನೊಂದು ಕಿರಿಕಿರಿ: ಓಕೆ ಆದ ಆ್ಯಪ್ ಅಪ್‌ಡೇಟ್ ಆಗುವಾಗ ನಮ್ಮನ್ನು ಕೇಳುವುದಿಲ್ಲ, ಹೊಸದಾಗಿ ಚಾಟ್ ಸೇರಿಸಿದ್ದರೂ ಸುಮ್ನೆ ಇನ್‌ಸ್ಟಾಲ್ ಆಗುತ್ತದೆ. ಅದಕ್ಕೇ ಆಗಾಗ ತೆರೆದು ನೋಡಬೇಕು.

ದೊಡ್ಡ ತೂತು ಇರುವುದು ಅಜ್ಜಿಯ ಫೋನಿನಲ್ಲಿ. ಮಗನ ಫೋನ್ ಲಾಕ್ ಆದ ತಕ್ಷಣ 'ಅಜ್ಜಿ, ಒಂದೇ ಒಂದು ಆಟ' ಶುರು, ಅವರು ಇಲ್ಲ ಅನ್ನುತ್ತಾರಾ? ಅವರ ವಾಟ್ಸಾಪ್‌ನಲ್ಲಿ ಗೊತ್ತಿಲ್ಲದ ನಂಬರಿನ ಕಾಲ್ ಸೈಲೆಂಟ್ ಮಾಡಿದ್ದೇನೆ, ಗ್ರೂಪಿಗೆ ಸೇರಿಸುವುದನ್ನೂ ಕಾಂಟ್ಯಾಕ್ಟ್ಸ್‌ಗೆ ಮಾತ್ರ ಇಟ್ಟಿದ್ದೇನೆ.

ಐದಕ್ಕೆ ಮೂರೂವರೆ. ತೆಗೆಯುವ ಯೋಚನೆ ಸದ್ಯಕ್ಕಿಲ್ಲ, ಮಗ ಮಾತ್ರ ದಿನಾ ಕೇಳುತ್ತಾನೆ.