ಹಾಲ್‌ನಲ್ಲಿ ಪಿಸಿ ಇಟ್ಟು ನೋಡಿದೆ, ಈಗ ಅಲ್ಲಿ ಕನ್ಸೋಲ್ ಇದೆ

ಟಿವಿ ಕೆಳಗೆ ಈಗ ಕೂತಿರುವುದು ಪಿಎಸ್5, ಟಿವಿಗೆ ಸಿಕ್ಕಿಸಿ ಆಟ ಆಡುವ ಸೋನಿಯ ಕನ್ಸೋಲ್. ಅದಕ್ಕೆ ಮೊದಲು ಏಳು ತಿಂಗಳು ಅದೇ ಜಾಗದಲ್ಲಿ ನಾನೇ ಜೋಡಿಸಿದ ಪುಟ್ಟ ಗೇಮಿಂಗ್ ಪಿಸಿ ಇತ್ತು. ಅದು ಕೆಟ್ಟು ಹೋಗಿಲ್ಲ, ಮಾರಿಯೂ ಇಲ್ಲ. ಒಳಗಿನ ಕೋಣೆಯ ಮೇಜಿಗೆ ಹೋಗಿದೆ, ಅಲ್ಲಿ ಆರಾಮವಾಗಿದೆ. ಕಾಲೇಜು ದಿನಗಳಿಂದ ಕಂಪ್ಯೂಟರಿನಲ್ಲೇ ಆಡಿದವ ನಾನು; ಕನ್ಸೋಲ್ ಎಂದರೆ ದುಡ್ಡು ಹೆಚ್ಚಾದವರ ಆಟಿಕೆ ಅಂತ ಹತ್ತು ವರ್ಷ ಗೆಳೆಯರ ಜೊತೆ ಜಗಳ ಆಡಿದ್ದೇನೆ. ಆ ಗೆಳೆಯರು ಇದನ್ನು ಓದಿದರೆ ನಗಲಿ.

ಮನೆ ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ನಾನು, ಹೆಂಡತಿ, ಒಂಬತ್ತನೇ ಕ್ಲಾಸಿನ ಮಗ, ಉಡುಪಿಯಿಂದ ಬಂದು ಮೂರು ವರ್ಷವಾದ ಅಮ್ಮ. ಟಿವಿ ಒಂದೇ. ಫೋರ್ಟಿನ ಆಫೀಸು ಮುಗಿಸಿ ಸಿಎಸ್‌ಎಂಟಿಯಲ್ಲಿ ಫಾಸ್ಟ್ ಲೋಕಲ್ ಹಿಡಿದು ಮನೆ ಸೇರುವಾಗ ಒಂಬತ್ತು. ಊಟವಾಗಿ, ಅಮ್ಮನ ಧಾರಾವಾಹಿಗಳು ಮುಗಿದು, ರಿಮೋಟ್ ನನ್ನ ಕೈಗೆ ಬರುವಾಗ ಹತ್ತು. ಹತ್ತೂ ಮುಕ್ಕಾಲಿಗೆ ಮಲಗದಿದ್ದರೆ ಬೆಳಗಿನ ಲೋಕಲ್ ತಪ್ಪಿತು ಅಂತಲೇ ಲೆಕ್ಕ. ಆಟಕ್ಕೆ ಸಿಗುವುದು 45 ನಿಮಿಷ. ನಿಮಗೆ ರಾತ್ರಿಯೆಲ್ಲ ಬಿಡುವಿದ್ದರೆ ನನ್ನ ತೀರ್ಮಾನ ನಿಮಗೆ ಒಗ್ಗುವುದಿಲ್ಲ.

ಪಿಸಿಯ ಭಾಗಗಳನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡು ಶನಿವಾರ ಅಲೆದು ತಂದೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಿ, ನಾಲ್ಕು ಅಂಗಡಿಯಲ್ಲಿ ದರ ಕೇಳಿ, ಐದನೆಯದರಲ್ಲಿ ಕೊಳ್ಳುವುದು ಅಲ್ಲಿನ ಪದ್ಧತಿ. ದೊಡ್ಡ ಡಬ್ಬಿ ಆಗಿದ್ದರೆ ಅಗ್ಗ ಆಗುತ್ತಿತ್ತು. ಆದರೆ ಟಿವಿ ಸ್ಟ್ಯಾಂಡಿನ ಖಾನೆಯಲ್ಲಿ ಕೂರಬೇಕು, ಹೆಂಡತಿಯ ಕಣ್ಣಿಗೆ ಚುಚ್ಚಬಾರದು ಅಂತ ಮಿನಿ ಐಟಿಎಕ್ಸ್ ಅನ್ನುವ ಪುಟ್ಟ ಮದರ್‌ಬೋರ್ಡಿನ ಅಳತೆಯದನ್ನೇ ಆರಿಸಿದೆ. ಈ ಅಳತೆಯಲ್ಲಿ ಚಿಕ್ಕದಾದಷ್ಟೂ ದುಬಾರಿ: ಮದರ್‌ಬೋರ್ಡ್‌ಗೆ ಹೆಚ್ಚು, ಪುಟ್ಟ ಪವರ್ ಸಪ್ಲೈಗೆ ಇನ್ನೂ ಹೆಚ್ಚು. 8 ಜಿಬಿಯ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಸೇರಿ 76 ಸಾವಿರ. ಕಂಟ್ರೋಲರ್, ಸೋಫಾದಲ್ಲಿ ತೊಡೆ ಮೇಲಿಟ್ಟು ಒತ್ತುವ ಪುಟ್ಟ ಕೀಬೋರ್ಡ್, ಉದ್ದದ ಕೇಬಲ್ ಎಲ್ಲ ಸೇರಿ 83 ಸಾವಿರ ದಾಟಿತು. ಡಿಸ್ಕ್ ಇರುವ ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಇಲ್ಲಿ ಬಂದಾಗ ಅದರ ಬೆಲೆ 54,990 ರೂಪಾಯಿ; ನಾನು ಕೊಂಡದ್ದು ಹಬ್ಬದ ಕಡಿತದಲ್ಲಿ, ಇನ್ನೂ ಕಡಿಮೆಗೆ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿದ್ದು ನೋಡಿದರೆ, ಇವತ್ತು ಅದೇ ಪಿಸಿಯನ್ನು ಆ ದುಡ್ಡಿಗೆ ಜೋಡಿಸಲಾರೆ.

ಚಿತ್ರದ ಗುಣಮಟ್ಟ ಎರಡರಲ್ಲೂ ನನ್ನ ಕಣ್ಣಿಗೆ ಒಂದೇ.

ಈಗ ಅಸಲಿ ತೊಂದರೆಗೆ ಬರುತ್ತೇನೆ. ಪಿಸಿ ತಂದ ಮೊದಲ ಸೋಮವಾರ, ಸಂಜೆ ಏಳೂವರೆಗೆ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಅಮ್ಮನ ಫೋನು. "ಎಂತ ಮಾಡಿದ್ದು ಮಾರಾಯ ನೀನು ಟಿವಿಗೆ? ಎಂತದ್ದೂ ಬರುದಿಲ್ಲ." ಏನು ಕಾಣುತ್ತದೆ ಅಂತ ಕೇಳಿದೆ. ಕಪ್ಪು ಪರದೆ, ಅದರಲ್ಲಿ ಸಿಗ್ನಲ್ ಇಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಹಿಂದಿನ ರಾತ್ರಿ ನಾನು ಆಟ ಮುಗಿಸಿ ಪಿಸಿ ಮಲಗಿಸಿ, ಟಿವಿ ಆರಿಸಿ ಎದ್ದಿದ್ದೆ. ಟಿವಿ ನೆನಪಿಟ್ಟುಕೊಂಡದ್ದು ಪಿಸಿಯ ಕೇಬಲ್ ಸಿಕ್ಕಿಸಿದ ಎರಡನೇ ಎಚ್‌ಡಿಎಂಐ ಇನ್‌ಪುಟ್. ಅಮ್ಮ ಟಿವಿ ಹಾಕಿದರೆ ಅದು ಮಲಗಿದ ಪಿಸಿಯನ್ನೇ ನೋಡುತ್ತಾ ಕೂತಿದೆ. "ರಿಮೋಟಿನಲ್ಲಿ ಸೋರ್ಸ್ ಅಂತ ಒಂದು ಬಟನ್ ಇದೆ ಅಮ್ಮ" ಅಂದೆ. "ಕನ್ನಡಕ ಎಲ್ಲಿಟ್ಟೆ ಅಂತ ನೆನಪಿಲ್ಲ" ಅಂದರು. ಅಷ್ಟರಲ್ಲಿ ಧಾರಾವಾಹಿಯ ಅರ್ಧ ಹೋಗಿತ್ತು.

ಇದಕ್ಕೆ ಕಾರಣ ಒಂದು ಪುಟ್ಟ ತಂತಿ ಅಂದರೆ ನಂಬುತ್ತೀರಾ? ಎಚ್‌ಡಿಎಂಐ ಕನೆಕ್ಟರಿನ 13ನೇ ಪಿನ್ನು ಸಿಇಸಿ ಎಂಬ ವ್ಯವಸ್ಥೆಗೆ ಮೀಸಲು. ಒಂದು ಯಂತ್ರ ಟಿವಿಗೆ "ಏಳು, ನನ್ನ ಕಡೆ ನೋಡು" ಅಂತಲೋ, "ನನ್ನ ಕೆಲಸ ಮುಗಿಯಿತು" ಅಂತಲೋ ಹೇಳುವುದು ಆ ತಂತಿಯ ಮೂಲಕ. ಒಂದೊಂದು ಟಿವಿ ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಕನ್ಸೋಲ್‌ಗಳಿಗೆ ಈ ಭಾಷೆ ಬರುತ್ತದೆ. ಡೆಸ್ಕ್‌ಟಾಪ್ ಪಿಸಿಗೆ ಹಾಕುವ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ಅವು ಮಾನಿಟರ್‌ಗೆ ಅಂತ ಹುಟ್ಟಿದವು; ಮಾನಿಟರ್ ಮುಂದೆ ಕೂತವನ ಕೈ ಬಟನ್ನಿಗೆ ಎಟಕುತ್ತದೆ, ಅಲ್ಲಿ ಯಾರೂ ಧಾರಾವಾಹಿಗೆ ಕಾಯುವುದಿಲ್ಲ.

ಯುಎಸ್‌ಬಿಗೆ ಸಿಕ್ಕಿಸುವ ಸಿಇಸಿ ಅಡಾಪ್ಟರ್ ಹೊರದೇಶದಲ್ಲಿ ಸಿಗುತ್ತದೆ, ಪಲ್ಸ್-ಏಟ್ ಅನ್ನುವವರದು. ತರಿಸುವ ಹಂತಕ್ಕೂ ಹೋದೆ. ಸಾಗಣೆ, ಸುಂಕ ಸೇರಿದ ಮೊತ್ತ ನೋಡಿ, 83 ಸಾವಿರದ ಮೇಲೆ ಟಿವಿಯ ಇನ್‌ಪುಟ್ ಬದಲಿಸಲು ಇನ್ನೊಂದು ಡಬ್ಬಿಯೇ ಅಂತ ಕೈಬಿಟ್ಟೆ. ಬದಲಿಗೆ ಪ್ರತಿ ರಾತ್ರಿ ಎದ್ದು ಹೋಗುವ ಮುಂಚೆ ನಾನೇ ಇನ್‌ಪುಟ್ ಬದಲಿಸಿ ಇಡುವುದು ಅಂತ ನಿಯಮ ಮಾಡಿಕೊಂಡೆ. ವಾರಕ್ಕೆ ಎರಡು ಸಲ ಮರೆಯುತ್ತಿದ್ದೆ. ಮರೆತ ಮರುದಿನ ಸಂಜೆ ಏಳೂವರೆಗೆ ಫೋನು.

ಇನ್ನೊಂದು ಕಡೆಯಿಂದಲೂ ಇದೇ ಕಾಟ. ಟಿವಿ ಆರಿದರೆ ಪಿಸಿಗೆ ತನ್ನ ಪರದೆಯೇ ಕಳಚಿ ಹೋದ ಹಾಗೆ. ಮತ್ತೆ ಎಬ್ಬಿಸುವಾಗ ಟಿವಿ ಮೊದಲು ಎದ್ದಿರಬೇಕು, ಇನ್‌ಪುಟ್ ಸರಿ ಇರಬೇಕು, ಆಮೇಲೆ ಪಿಸಿ. ಕ್ರಮ ತಪ್ಪಿದರೆ ಚಿತ್ರ ಬಂದರೂ ಧ್ವನಿ ಬರುವುದಿಲ್ಲ. ಧ್ವನಿ ಎಲ್ಲಿ ಹೋಯಿತು ಅಂತ ಸೆಟ್ಟಿಂಗಿನಲ್ಲಿ ಹುಡುಕಬೇಕು, ಅದಕ್ಕೆ ಮೌಸ್ ಬೇಕು. ಕೂತಲ್ಲಿಂದ ಕಂಟ್ರೋಲರ್ ಒತ್ತಿ ಎಬ್ಬಿಸೋಣ ಅಂದರೆ ಬ್ಲೂಟೂತ್ ಕಂಟ್ರೋಲರ್‌ಗೆ ನನ್ನ ಮದರ್‌ಬೋರ್ಡ್ ಏಳಲಿಲ್ಲ. ಬಗ್ಗಿ ಖಾನೆಯೊಳಗೆ ಕೈ ಹಾಕಿ ಬಟನ್ ಒತ್ತಿ, ಪಿನ್ ಬರೆದು, ಅಪ್‌ಡೇಟ್ ಬಂದಿದೆ ಅನ್ನುವ ಚೌಕವನ್ನು ಮುಚ್ಚಿ, ಆಟದ ಮೇಲೆ ಒತ್ತಿದರೆ ಅದು ಆಟ ಶುರುಮಾಡುವ ತನ್ನದೇ ಇನ್ನೊಂದು ತಂತ್ರಾಂಶ (ಲಾಂಚರ್) ತೆರೆದು ಪಾಸ್‌ವರ್ಡ್ ಕೇಳುತ್ತದೆ. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟೆ: ಕೂತಲ್ಲಿಂದ ಆಟ ಶುರುವಾಗುವ ತನಕ ಕಡಿಮೆ ಅಂದರೆ 4 ನಿಮಿಷ, ಹೆಚ್ಚು ಅಂದರೆ 17. ಆ 17ರ ದಿನ ಆಡದೆ ಮಲಗಿದೆ.

ಪಿಎಸ್5ರಲ್ಲಿ ಕಂಟ್ರೋಲರಿನ ನಡುವಿನ ಬಟನ್ ಒತ್ತಿದರೆ ಕನ್ಸೋಲ್ ಏಳುತ್ತದೆ, ಟಿವಿ ಏಳುತ್ತದೆ, ಇನ್‌ಪುಟ್ ತಾನೇ ತಿರುಗುತ್ತದೆ. ರೆಸ್ಟ್ ಮೋಡಿನಲ್ಲಿ ಮಲಗಿಸಿದ್ದರೆ ಆಟ ನಿನ್ನೆ ಬಿಟ್ಟ ಜಾಗದಲ್ಲೇ ನಿಂತಿರುತ್ತದೆ. ಮುಗಿದ ಮೇಲೆ ಅದು ಮಲಗಿದರೆ ನಮ್ಮ ಟಿವಿ ಮೊದಲಿದ್ದ ಸೆಟ್‌ಟಾಪ್ ಬಾಕ್ಸ್‌ಗೆ ಮರಳುತ್ತದೆ. ಸೋಮವಾರದ ಫೋನು ನಿಂತದ್ದು ಹೀಗೆ.

ನಡುವೆ ಪಿಸಿಗೆ ವಿಂಡೋಸ್ ಬದಲು ಲಿನಕ್ಸ್ ಕೂಡ ಹಾಕಿ ನೋಡಿದೆ ಅನ್ನುವುದನ್ನು ಬಿಡಬಾರದು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಕಂಪನಿಯ ಸ್ಟೀಮ್‌ಓಎಸ್ ಮಾದರಿಯದು, ಹಾಕಿದ ಕೂಡಲೇ ನೇರ ಕಂಟ್ರೋಲರಿನಲ್ಲಿ ಓಡಿಸುವ ಪರದೆ ಬರುತ್ತದೆ. ನಿಜ ಹೇಳಬೇಕೆಂದರೆ ಪಿಸಿ ಕನ್ಸೋಲಿಗೆ ತೀರ ಹತ್ತಿರ ಬಂದದ್ದು ಆ ಮೂರು ವಾರ. ವಾಲ್ವ್ 2018ರಲ್ಲಿ ಪ್ರೋಟಾನ್ ತಂದ ಮೇಲೆ ವಿಂಡೋಸ್‌ಗೆ ಬರೆದ ಆಟಗಳು ಲಿನಕ್ಸಿನಲ್ಲಿ ಓಡುವುದು ಮಾಮೂಲಾಗಿದೆ. ನನ್ನ ಆಟಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಓಡಿದವು. ಆ ಒಂದು ಮಗನದು. ಗೆಳೆಯರೊಂದಿಗೆ ಆನ್‌ಲೈನಿನಲ್ಲಿ ಆಡುವ ಶೂಟಿಂಗ್ ಆಟ. ಅದರ ಕಳ್ಳಾಟ ತಡೆಯುವ ತಂತ್ರಾಂಶಕ್ಕೆ ವಿಂಡೋಸೇ ಬೇಕು. "ಪಪ್ಪಾ, ನಿಮ್ಮ ಕಂಪ್ಯೂಟರಿನಲ್ಲಿ ನನ್ನದು ಬಿಟ್ಟು ಎಲ್ಲ ನಡೀತದೆ" ಅಂದ. ಭಾನುವಾರ ವಿಂಡೋಸ್ ವಾಪಸ್ ಬಂತು.



ಅಮೆರಿಕದವರು ಸೋಫಾದಿಂದ ನೋಡುವ ಮೆನುಗಳಿಗೆ ಹತ್ತಡಿ ಇಂಟರ್‌ಫೇಸ್ ಅನ್ನುತ್ತಾರೆ. ನಮ್ಮ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೇ ಹತ್ತಡಿ; ಸೋಫಾ, ಟಿವಿ ಸ್ಟ್ಯಾಂಡ್ ಕಳೆದರೆ ಆರಡಿ. ಆ ಆರಡಿಯಿಂದಲೂ ವಿಂಡೋಸಿನ ಅಕ್ಷರ ಓದಲು ನಾನು ಮುಂದೆ ಬಗ್ಗುತ್ತಿದ್ದೆ.

ಹೊಸ ಆಟ ಮೊದಲ ಸಲ ತೆರೆದಾಗ ಪಿಸಿಯಲ್ಲಿ ಶೇಡರ್, ಅಂದರೆ ಚಿತ್ರ ಬಿಡಿಸಲು ಗ್ರಾಫಿಕ್ಸ್ ಚಿಪ್ಪಿಗೆ ಬೇಕಾದ ಪುಟ್ಟ ಪ್ರೋಗ್ರಾಂಗಳನ್ನು, ಸಿದ್ಧಪಡಿಸುತ್ತಾ ಕೂರುತ್ತದೆ. ಕನ್ಸೋಲಿನಲ್ಲಿ ಎಲ್ಲರ ಮನೆಯ ಚಿಪ್ಪೂ ಒಂದೇ, ಹಾಗಾಗಿ ಆ ಅಡುಗೆ ಆಟ ತಯಾರಿಸಿದವರ ಮನೆಯಲ್ಲೇ ಆಗಿ ಬರುತ್ತದೆ. ಪಿಸಿಯಲ್ಲಿ ಕಾರ್ಡಿಗೊಂದು ಒಲೆ, ನಮ್ಮ ಮನೆಯಲ್ಲೇ ಬೇಯಬೇಕು. ಫ್ಯಾನ್ ಸದ್ದು, ಬಿಸಿ ಪಿಸಿಯಲ್ಲಿ ಹೆಚ್ಚು. ಮೇ ತಿಂಗಳಲ್ಲಿ ಹೆಂಡತಿ ಅದಕ್ಕೆ ಹೀಟರ್ ಅಂತ ಹೆಸರಿಟ್ಟಳು.

ಪಿಸಿ ಗೆಲ್ಲುವುದು ಆಟ ಕೊಳ್ಳುವ ದುಡ್ಡಿನಲ್ಲಿ. ಅಲ್ಲಿ ನಾನು ಕನ್ಸೋಲ್ ಪರ ವಾದ ಮಾಡುವುದಿಲ್ಲ. ಪಿಎಸ್5ರ ಸೋನಿಯ ದೊಡ್ಡ ಆಟ ಹೊಸದಾಗಿ ಬಂದರೆ ಐದು ಸಾವಿರ ರೂಪಾಯಿಯ ಆಸುಪಾಸು. ಸ್ಟೀಮಿನ ಬೇಸಿಗೆ ಸೇಲಿನಲ್ಲಿ ಒಂದೆರಡು ವರ್ಷ ಹಳೆಯ ಆಟವನ್ನು ವಡಾಪಾವ್, ಚಹಾ ಬಿಟ್ಟ ದುಡ್ಡಿನಲ್ಲಿ ತರಬಹುದು. ಸ್ನೇಹಿತರೊಡನೆ ಆನ್‌ಲೈನ್ ಆಡಲು ಪಿಸಿಯಲ್ಲಿ ಚಂದಾ ಬೇಡ, ಪಿಎಸ್5ರಲ್ಲಿ ಉಚಿತ ಆಟಗಳನ್ನು ಬಿಟ್ಟರೆ ಪ್ಲೇಸ್ಟೇಷನ್ ಪ್ಲಸ್ ಎಂಬ ಚಂದಾ ಬೇಕು. 2009ರ ಆಟವೂ ನನ್ನ ಪಿಸಿಯಲ್ಲಿ ಈಗಲೂ ತೆರೆಯುತ್ತದೆ. ನಾನು ತಿಂಗಳಿಗೆ ಎರಡು ಆಟ ಕೊಳ್ಳುವವನಾಗಿದ್ದರೆ ಕನ್ಸೋಲಿನ ಅಗ್ಗದ ಬೆಲೆ ಎರಡು ವರ್ಷದಲ್ಲಿ ಕರಗಿ ಹೋಗುತ್ತಿತ್ತು.

ಆದರೆ ದಿನಕ್ಕೆ 45 ನಿಮಿಷ ಆಡುವವನಿಗೆ ವರ್ಷಕ್ಕೆ ಮೂರು ಆಟ ಧಾರಾಳ. ಡಿಸ್ಕ್ ಇರುವ ಮಾದರಿಯನ್ನೇ ಕೊಂಡದ್ದೂ ಅದಕ್ಕೆ: ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡು, ಆಡಿ ಮುಗಿಸಿ, ಸ್ಟೇಷನ್ ಹತ್ತಿರ ಇನ್ನೊಬ್ಬರಿಗೆ ಕೊಟ್ಟರೆ ಮುನ್ನೂರು ನಾನೂರು ರೂಪಾಯಿಯಷ್ಟೇ ಕಳೆದುಕೊಳ್ಳುವುದು. ಸ್ಟೀಮಿನಲ್ಲಿ ಕೊಂಡದ್ದನ್ನು ಮಾರುವ ಹಾಗಿಲ್ಲ. ಇನ್ನು ಮಗನಿಗೆ ಬೇಕಾದ ಜಿಟಿಎ 6 ಎಂಬ ಆಟ ಮೊದಲು ಘೋಷಣೆಯಾದದ್ದು ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗೆ. ಹಿಂದಿನದು 2013ರ ಸೆಪ್ಟೆಂಬರ್‌ನಲ್ಲಿ ಕನ್ಸೋಲಿಗೆ ಬಂದು ಪಿಸಿ ಮುಟ್ಟುವಾಗ 2015ರ ಏಪ್ರಿಲ್ ಆಗಿತ್ತು. ಆಗ ನಾನು ಕಾದಿದ್ದೆ. ಮಗ ಕಾಯುವವನಲ್ಲ.

"ಸ್ಟೀಮ್ ಮಷೀನ್ ಬರಲಿ, ಆಮೇಲೆ ಮಾತಾಡು" ಅಂತ ಆಫೀಸಿನ ಗೆಳೆಯನೊಬ್ಬ ಹೇಳುತ್ತಿದ್ದ; ಅದು ಟಿವಿ ಕೆಳಗೆ ಇಡಲೆಂದೇ ವಾಲ್ವ್ ಮಾಡುವ ಪುಟ್ಟ ಪಿಸಿ. 2015ರಲ್ಲಿ ಅದೇ ಹೆಸರಿನವು ಹಲವು ಕಂಪನಿಗಳಿಂದ ಬಂದು ಸೋತದ್ದು ಅವನಿಗೂ ಗೊತ್ತು. ಆಗ ಲಿನಕ್ಸಿನಲ್ಲಿ ಓಡುವ ಆಟಗಳೇ ಕಡಿಮೆ, ಪ್ರೋಟಾನ್ ಹುಟ್ಟಿರಲಿಲ್ಲ. 2025ರ ನವೆಂಬರ್‌ನಲ್ಲಿ ವಾಲ್ವ್ ಹೊಸದನ್ನು ಘೋಷಿಸಿದಾಗ ನಾನು ಮೊದಲು ಹುಡುಕಿದ್ದು ಚಿಪ್ಪು ಯಾವುದು ಅಂತಲ್ಲ, ಸಿಇಸಿ ಇದೆಯೇ ಅಂತ. ಇದೆ. ಕಂಟ್ರೋಲರಿನಿಂದಲೇ ಎಬ್ಬಿಸಬಹುದು. ಆರಿಂಚಿನ ಘನದ ಡಬ್ಬಿ, ನಮ್ಮ ಖಾನೆಯಲ್ಲಿ ಸುಖವಾಗಿ ಕೂರುತ್ತದೆ. ಅಂದರೆ ನನ್ನ ಏಳು ತಿಂಗಳ ಕಾಟ ನನ್ನೊಬ್ಬನದೇ ಆಗಿರಲಿಲ್ಲ. ಆದರೆ ವಾಲ್ವ್ ಕೈಯಲ್ಲಿ ಹಿಡಿದು ಆಡುವ ತನ್ನ ಸ್ಟೀಮ್ ಡೆಕ್ಕನ್ನು 2022ರಲ್ಲಿ ತಂದಾಗ ಭಾರತ ಪಟ್ಟಿಯಲ್ಲಿರಲಿಲ್ಲ. ಇಲ್ಲಿ ಕೊಂಡವರೆಲ್ಲ ಹೊರಗಿನಿಂದ ತರಿಸಿದ್ದನ್ನು ಹೆಚ್ಚು ಕೊಟ್ಟು ಕೊಂಡವರು, ಕೆಟ್ಟರೆ ಕೇಳಲು ಸರ್ವಿಸ್ ಸೆಂಟರ್ ಇಲ್ಲ. ಹೊಸದನ್ನೂ ಹಾಗೆ ಕೊಳ್ಳುವ ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಒಬ್ಬರೇ ಇರುವ ಮನೆ, ನಿಮ್ಮದೇ ಟಿವಿ, ಸೆಟ್ಟಿಂಗ್ ತಿರುವುವುದೇ ಅರ್ಧ ಆಟ ಅನ್ನುವ ಸ್ವಭಾವ ಆಗಿದ್ದರೆ ಹಾಲ್‌ಗೆ ಪಿಸಿಯನ್ನೇ ತನ್ನಿ. ನನ್ನ ಬ್ರಹ್ಮಚಾರಿ ಕಾಲದಲ್ಲಿ ನಾನೂ ತರುತ್ತಿದ್ದೆ. ಈಗ ನಾನು ಆಫೀಸಿನಲ್ಲಿರುವಾಗಲೂ ಮನೆಯವರು ಓಡಿಸಬೇಕಾದ ಯಂತ್ರ ಬೇಕು. ಹೋದ ತಿಂಗಳು ಮನೆಗೆ ಬಂದರೆ ಅಮ್ಮ ಕಂಟ್ರೋಲರ್ ಕೈಯಲ್ಲಿ ಹಿಡಿದು ಕೂತಿದ್ದಾರೆ, ಟಿವಿಯಲ್ಲಿ ಯಕ್ಷಗಾನ. ಮೊಮ್ಮಗ ಯೂಟ್ಯೂಬ್ ತೋರಿಸಿಕೊಟ್ಟಿದ್ದಾನೆ. "ನಡುವಿನದ್ದು ಒತ್ತಿದರೆ ಆಯ್ತಲ್ಲ, ಇದಕ್ಕೆ ಕನ್ನಡಕವೂ ಬೇಡ" ಅಂದರು. ನನಗೆ ಅವತ್ತು ಟಿವಿ ಸಿಕ್ಕಿದ್ದು ಹತ್ತೂವರೆಗೆ.

ಸೋಫಾದ ಆ ಪುಟ್ಟ ಕೀಬೋರ್ಡ್ ಮಾತ್ರ ಕೆಲಸವಿಲ್ಲದೆ ಬಿದ್ದಿದೆ. ಯಾರಿಗಾದರೂ ಬೇಕಿದ್ದರೆ ಡೊಂಬಿವಲಿ ಸ್ಟೇಷನ್ನಿನ ಪೂರ್ವದ ಕಡೆಗೆ ಬಂದರೆ ಸಾಕು, ಒಂದು ಕಪ್ ಚಹಾಕ್ಕೆ ಕೊಟ್ಟುಬಿಡುತ್ತೇನೆ.