ಹೆರಾಲ್ಡ್ ಕಾರಿನ ಪೆಟ್ರೋಲ್ ಮುಳ್ಳು: ಹೊಸ ಟ್ಯಾಂಕ್ ಯೂನಿಟ್‌ಗಿಂತ ಹಳೆಯದೇ ಮೇಲು

ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಬೇಗೂರು ದಾಟಿ ಗುಂಡ್ಲುಪೇಟೆಯ ಕಡೆಗೆ ಹೋಗುತ್ತಿದ್ದಾಗ ಪೆಟ್ರೋಲ್ ಮುಗಿದು ನಿಂತಿತು. ಮೀಟರಿನ ಮುಳ್ಳು ಆಗಲೂ ಕಾಲು ಟ್ಯಾಂಕ್ ಎಂದೇ ತೋರಿಸುತ್ತಿತ್ತು. ಅನಂತರದ ಮೂರು ತಿಂಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ಬದಲಿಸಿದೆ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆಯೆಂದು ಮೀಟರಿಗೆ ತಿಳಿಸುವ ಯೂನಿಟ್ಟನ್ನು ಹೊಸದಾಗಿ ತಂದು ಹಾಕಿದೆ, ಕೊನೆಗೆ ಹಳೆಯ ಯೂನಿಟ್ಟನ್ನೇ ಬಿಚ್ಚಿ ಸರಿಪಡಿಸಿದೆ. ಈ ಮೂರರಲ್ಲಿ ಹಳೆಯದನ್ನು ಸರಿಪಡಿಸಿದ್ದೇ ನನಗೆ ಒಪ್ಪಿಗೆಯಾದದ್ದು. ಅದಕ್ಕೆ ಮೊದಲು ಹೊಸದಕ್ಕೆಂದು 3,200 ರೂಪಾಯಿ ಕೊಟ್ಟೆನಲ್ಲ ಎಂಬ ಬೇಸರ ಇನ್ನೂ ಹೋಗಿಲ್ಲ.

ಸ್ಟೆಬಿಲೈಸರಿನ ಮೇಲೆ ನನಗೆ ಅನುಮಾನ ಬಂದದ್ದು ಸಕಾರಣವಾಗಿಯೇ. ಉಷ್ಣತೆಯ ಮೀಟರೂ ಪೆಟ್ರೋಲ್ ಮೀಟರೂ ಎರಡೂ ಹೆಚ್ಚು ತೋರಿಸುತ್ತಿದ್ದರೆ, ತಪ್ಪು ಎರಡಕ್ಕೂ ವಿದ್ಯುತ್ ಕೊಡುವ ಆ ಪುಟ್ಟ ಡಬ್ಬಿಯಲ್ಲಿರುವ ಸಾಧ್ಯತೆ ಹೆಚ್ಚು. ಅದರೊಳಗಿನ, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ ಕಾದಾಗ ಬಾಗಿ ಸಂಪರ್ಕ ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಹೀಗೆ ಸರಾಸರಿ 10 ವೋಲ್ಟ್ ಒದಗುತ್ತದೆ. ಡಬ್ಬಿಗೆ ಅರ್ಥ್ ಸರಿಯಾಗಿ ಸಿಗದಿದ್ದರೆ ಪಟ್ಟಿ ಕಾಯುವುದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐವತ್ತು ರೂಪಾಯಿಯೊಳಗೆ ಸಿಕ್ಕ, ಸ್ಥಿರವಾಗಿ 10 ವೋಲ್ಟ್ ಕೊಡುವ 7810 ಐಸಿಯನ್ನು ಅದರ ಜಾಗದಲ್ಲಿ ಕೂರಿಸಿದೆ. ನೆಗೆಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಕಾರಿನ ಮೈಗೆ ಸೇರಿರುವ, ಕಾರಿಗೆ ಮಾತ್ರ ಇದು ಹೊಂದುತ್ತದೆ. ಉಷ್ಣತೆಯ ಮುಳ್ಳು ಸರಿಯಾಯಿತು. ಪೆಟ್ರೋಲ್ ಮುಳ್ಳು ಸ್ವಲ್ಪ ಇಳಿಯಿತಾದರೂ ಖಾಲಿಯವರೆಗೆ ಹೋಗಲಿಲ್ಲ.

ಹೊಸ ಟ್ಯಾಂಕ್ ಯೂನಿಟ್ ನನ್ನನ್ನು ನಿಜವಾಗಿ ದಣಿಸಿತು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ ಅಸಲಿ ಬಿಡಿಭಾಗ ಸಿಗುವುದು ಅಪರೂಪವಾದ್ದರಿಂದ, ಹಳೆಯ ಬ್ರಿಟಿಷ್ ಕಾರುಗಳಿಗೆಲ್ಲ ಹೊಂದುತ್ತದೆ ಎಂದು ಹೇಳಿದ ಅಂಗಡಿಯವರ ಮಾತು ನಂಬಿ ತಂದೆ. ತೂತುಗಳು ಸರಿಯಾಗಿ ಕೂತವು, ವಾಷರೂ ಕೂತಿತು, ಆದರೆ ಟ್ಯಾಂಕ್ ತುಂಬಿಸಿದರೂ ಮುಳ್ಳು ತುದಿ ಮುಟ್ಟಲಿಲ್ಲ, ಅರ್ಧ ಟ್ಯಾಂಕ್ ಇದ್ದಾಗ ಕಾಲಿಗಿಂತ ತುಸು ಮೇಲೆ ನಿಂತಿತು.

ಮೂರು ಭಾನುವಾರಗಳನ್ನು ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ಕಡ್ಡಿ ಬಗ್ಗಿಸುವುದರಲ್ಲೇ ಕಳೆದೆ. ಪೂರ್ತಿ ತುಂಬಿದ ಗುರುತಿಗೆ ಹೊಂದಿಸಿದರೆ ಖಾಲಿಯಾದಾಗ ಇನ್ನೂ ಪೆಟ್ರೋಲ್ ಇದೆ ಎಂದು ತೋರಿಸುತ್ತಿತ್ತು, ಖಾಲಿಗೆ ಹೊಂದಿಸಿದರೆ ಮತ್ತೆ ಮೊದಲಿನ ಕಥೆಯೇ. ಕೊನೆಗೆ ಎರಡೂ ಯೂನಿಟ್ಟುಗಳನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಿಡಿದಾಗ ವಿಷಯ ತಿಳಿಯಿತು. ಯೂನಿಟ್ಟಿನ ಓಮ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಹೆಚ್ಚಿದಷ್ಟೂ ಮುಳ್ಳು ಕೆಳಗೆ ನಿಲ್ಲುತ್ತದೆ. ಫ್ಲೋಟ್ ಕೆಳಗಿದ್ದಾಗ ಎರಡೂ ಸುಮಾರು 240 ಓಮ್ ತೋರಿಸಿದವು. ಆದರೆ ಮೇಲೆತ್ತಿದಾಗ ಹಳೆಯದು 20ರ ಆಸುಪಾಸಿಗೆ ಇಳಿಯಿತು, ಹೊಸದು 33ಕ್ಕೇ ನಿಂತಿತು. ನಡುಮಧ್ಯದಲ್ಲಿ ಹಳೆಯದು 70, ಹೊಸದು 100ಕ್ಕಿಂತ ಹೆಚ್ಚು. ಕಡ್ಡಿ ಬಗ್ಗಿಸಿದರೆ ಫ್ಲೋಟಿನ ಎತ್ತರ ಬದಲಾಗುತ್ತದೆಯೇ ಹೊರತು ಒಳಗೆ ಸುತ್ತಿದ ತಂತಿಯ ಓಮ್ ಬದಲಾಗುವುದಿಲ್ಲ. ಕೆಲವು ಯೂರೋಪಿಯನ್ ಯೂನಿಟ್ಟುಗಳು ಇನ್ನೂ ಬೇರೆ: ಖಾಲಿಯಲ್ಲಿ 10, ತುಂಬಿದಾಗ 180. ಅಂಥದ್ದು ಬಂದಿದ್ದರೆ ಮುಳ್ಳು ಪೂರ್ತಿ ತಿರುವುಮುರುವಾಗುತ್ತಿತ್ತು. ಹಣ ಕೊಡುವ ಮೊದಲು ಅಂಗಡಿಯಲ್ಲೇ ಓಮ್ ಅಳೆದು ನೋಡಬೇಕೆಂದು ಹಳೆಯ ಕಾರು ಇಟ್ಟುಕೊಂಡಿರುವ ಪ್ರತಿಯೊಬ್ಬರಿಗೂ ನಾನು ಹೇಳುತ್ತೇನೆ.

ಹಳೆಯ ಯೂನಿಟ್ಟಿನ ರೋಗ ತೀರ ಸಣ್ಣದು. ಇದನ್ನು ನಾನು ಮೊದಲೇ ಗಮನಿಸಬಹುದಿತ್ತು: ಹೆರಾಲ್ಡಿನಲ್ಲಿ ಟ್ಯಾಂಕ್ ಡಿಕ್ಕಿಯೊಳಗೇ ಇರುವುದರಿಂದ, ಅದರ ಪಕ್ಕವನ್ನು ಅಂಗೈಯಿಂದ ತಟ್ಟಿ ಅರ್ಧ ನಿಮಿಷ ಕಾದರೆ ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಕಡ್ಡಿಯ ಕೀಲಿನಲ್ಲಿ ತುಕ್ಕು ಹಿಡಿದು ಫ್ಲೋಟ್ ಕಾಲು ಮಟ್ಟದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬ್ಯಾಟರಿಯ ತಂತಿ ಕಳಚಿ, ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಬಯಲಿನಲ್ಲಿ ಯೂನಿಟ್ ಬಿಚ್ಚಿದೆ. ಕೀಲಿನ ತುಕ್ಕು ತೆಗೆದು, ಸುತ್ತಿದ ತಂತಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಅದರ ಮೇಲೆ ಜಾರುವ ತಗಡಿನ ನಾಲಿಗೆಯನ್ನು ಕೂದಲೆಳೆಯಷ್ಟು ಒತ್ತಿ ಬಗ್ಗಿಸಿದೆ. ಫ್ಲೋಟನ್ನು ಅಲುಗಾಡಿಸಿದಾಗ ಒಳಗೆ ಪೆಟ್ರೋಲಿನ ಸದ್ದು ಬರಲಿಲ್ಲ, ಆದ್ದರಿಂದ ಅದನ್ನು ಮುಟ್ಟಲಿಲ್ಲ. ವಾಷರ್ ಮಾತ್ರ ಹೊಸದು, ಎಥೆನಾಲ್ ಬೆರೆತ ಪೆಟ್ರೋಲಿಗೆ ತಡೆಯುವಂಥದ್ದು. ಒಟ್ಟು ಖರ್ಚು 140 ರೂಪಾಯಿ.

ನಿತ್ಯ ದೂರ ಓಡಿಸುವವರಿಗೆ, ಬಿಚ್ಚಿ ಕೂರಲು ಪುರುಸೊತ್ತಿಲ್ಲದವರಿಗೆ, ಓಮ್ ಹೊಂದುವ ಹೊಸ ಯೂನಿಟ್ ಸಿಕ್ಕರೆ ಅದೂ ಆಗಬಹುದು. ನನ್ನದು ನಿವೃತ್ತಿಯ ಸಂಬಳ, ಭಾನುವಾರದ ಓಡಾಟ. ಒಂದು ಮಧ್ಯಾಹ್ನ ಕೈ ಕೊಳೆ ಮಾಡಿಕೊಳ್ಳುವುದು ನನಗೆ ಸಂತೋಷದ ಕೆಲಸ. ಐದೈದು ಲೀಟರ್ ಸುರಿಯುತ್ತ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆಂದು ಒಂದು ಕಾರ್ಡಿನಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಕಳೆದ ವಾರ ಅದೇ ಗುಂಡ್ಲುಪೇಟೆ ದಾರಿಯಲ್ಲಿ ಮುಳ್ಳು ಕಾಲಿಗೆ ಬಂದಾಗ ಬಂಕಿನಲ್ಲಿ ನಿಲ್ಲಿಸಿ ತುಂಬಿಸಿದೆ. ಹಿಡಿದ ಲೀಟರ್ ಕಾರ್ಡಿನ ಲೆಕ್ಕಕ್ಕೆ ಸರಿಹೊಂದಿತು.