ಹಳೇ ಲೋಟಸ್ ಎಲಾನ್‌ಗೆ ಮಾಡರ್ನ್ ಇಂಜಿನ್ ಹಾಕಿಸೋ ಪ್ಲ್ಯಾನ್ ಇದ್ರೆ ಮೊದ್ಲು ಇದನ್ನ ಓದಿ

ಯುಕೆನಲ್ಲಿ ಕ್ಲಾಸಿಕ್ ಕಾರ್ ಹುಚ್ಚು ಹಿಡಿಸ್ಕೊಂಡಿರೋ ನಮ್ ಕನ್ನಡದವ್ರು ಅಲ್ಲಲ್ಲಿ ಸಿಗ್ತಾನೇ ಇರ್ತಾರೆ, ಅದಕ್ಕೇ ಬರೀತಿದ್ದೀನಿ. "ನಿಮ್ ಗಾಡಿಗೆ ಫೋರ್ಡ್ ಝೆಟೆಕ್ ಇಂಜಿನ್ ಕೂರಿಸಿ ಕೀ ಕೈಗೆ ಕೊಡ್ತೀವಿ, ದಿನಾ ಆಫೀಸಿಗೆ ಓಡಿಸ್ಕೊಂಡು ಹೋಗಿ" ಅಂತ ಯಾವ್ದಾದ್ರೂ ಗ್ಯಾರೇಜ್‌ನವ್ರು ಮೂಗಿಗೆ ತುಪ್ಪ ಸವರಿದ್ರೆ ಅಡ್ವಾನ್ಸ್ ಕೊಡೋಕ್ ಮುಂಚೆ ಇದನ್ನ ಪೂರ್ತಿ ಓದಿ. ಗ್ಯಾರೇಜ್ ಹೆಸ್ರು ಹಾಕಲ್ಲ, ಕೇಸ್ ನಡೀತಿದೆ.

ಗಾಡಿ ನಂದು ಎಲಾನ್ ಎಸ್3. ಗೊತ್ತಿಲ್ದೋರಿಗೆ, ಎಲಾನ್ ಅಂದ್ರೆ ಕಾಲಿನ್ ಚಾಪ್ಮನ್ ಅವ್ರ ಲೋಟಸ್ ಕಂಪನಿ 1962ರಲ್ಲಿ ತಂದ ಪುಟ್ಟ ಸ್ಪೋರ್ಟ್ಸ್ ಕಾರ್, ಮಧ್ಯೆ ಸ್ಟೀಲ್ ಬ್ಯಾಕ್‌ಬೋನ್ ಚಾಸಿ, ಮೇಲೆ ಫೈಬರ್ ಬಾಡಿ, ತೂಕ 700 ಕೆಜಿನೂ ಇಲ್ಲ. ಮಜ್ದಾದವ್ರು 1989ರಲ್ಲಿ ಎಂಎಕ್ಸ್-5 ತಂದಾಗ ಕಣ್ಮುಂದೆ ಇಟ್ಕೊಂಡಿದ್ದು ಇದನ್ನೇ. ಒರಿಜಿನಲ್ ಇಂಜಿನ್ 1558 ಸಿಸಿ ಟ್ವಿನ್ ಕ್ಯಾಮ್, ಕೆಳಗಡೆ ಫೋರ್ಡ್ ಬ್ಲಾಕ್, ಮೇಲೆ ಲೋಟಸ್ ಹೆಡ್. ಓಡ್ತಿದ್ರೆ ಸ್ವರ್ಗ. ಆದ್ರೆ ವಾಟರ್ ಪಂಪ್ ಮುಂದಿನ ಟೈಮಿಂಗ್ ಕವರ್ ಒಳಗೇ ಸೇರ್ಕೊಂಡಿದೆ, ಅದೊಂದು ಹೋದ್ರೆ ಮೇಲಿನ ಹೆಡ್ಡು, ಕೆಳಗಿನ ಆಯಿಲ್ ಸಂಪು ಎರಡೂ ಬಿಚ್ಬೇಕು. ಹಾಗಾಗಿ ಬೇರೆ ಇಂಜಿನ್ ಹಾಕ್ಸೋಣ ಅನ್ನೋ ಯೋಚ್ನೆ ತಪ್ಪು ಅಂತ ನಾನು ಈಗ್ಲೂ ಹೇಳಲ್ಲ. ಝೆಟೆಕ್ ಹಾಕಿರೋ ಎಲಾನ್ ಚೆನ್ನಾಗಿ ಓಡ್ತಿರೋದು ಕಣ್ಣಾರೆ ನೋಡಿದ್ದೀನಿ.

ತೊಂದ್ರೆ ಏನಪ್ಪಾ ಅಂದ್ರೆ ಈ ಗ್ಯಾರೇಜ್‌ನವ್ರು ಇಂಜಿನ್ ಕೂರಿಸೋದನ್ನೇ ಕೆಲಸ ಅಂದ್ಕೊಂಡಿದ್ರು. ಝೆಟೆಕ್ ಅಡ್ಡಡ್ಡ ಕೂರೋ ಫ್ರಂಟ್ ವೀಲ್ ಡ್ರೈವ್ ಗಾಡಿಗೆ ಮಾಡಿದ್ದು, ಉದ್ದುದ್ದ ತಿರುಗಿಸಿದ್ರೆ ಥರ್ಮೋಸ್ಟಾಟ್ ಹೌಸಿಂಗ್ ಹಿಂದುಗಡೆ ಬಲ್ಕ್‌ಹೆಡ್‌ಗೆ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಬಂದು ಒತ್ಕೊಳುತ್ತೆ, ಅದನ್ನ ಬೇರೆ ಥರ ಮಾಡ್ಬೇಕು, ಸಂಪ್ ಬದಲಾಯಿಸ್ಬೇಕು, ಗೇರ್‌ಬಾಕ್ಸ್‌ಗೆ ಬೇರೆ ಬೆಲ್‌ಹೌಸಿಂಗ್ ಬೇಕು. ಅಷ್ಟನ್ನ ಮಾಡಿದ್ರು, ಇಲ್ಲ ಅನ್ನಲ್ಲ. ಫೋಟೋದಲ್ಲಿ ನೋಡಿದ್ರೆ ಪಳಪಳ ಅಂತಿತ್ತು.

ಇಂಗ್ಲೆಂಡಲ್ಲಿ ಇಷ್ಟು ಹಳೇ ಗಾಡಿಗೆ ಸಾಮಾನ್ಯವಾಗಿ ಎಂಒಟಿ ಟೆಸ್ಟ್ (ವರ್ಷವರ್ಷ ಮಾಡಿಸೋ ಫಿಟ್‌ನೆಸ್ ತಪಾಸಣೆ) ಬೇಕಿಲ್ಲ, ದೊಡ್ಡ ಬದಲಾವಣೆ ಮಾಡಿರ್ಬಾರ್ದು ಅಷ್ಟೆ. ಬೇಕೋ ಬೇಡ್ವೋ, ಡೆಲಿವರಿ ತಗೊಂಡ ತಕ್ಷಣ ಒಯ್ದು ಟೆಸ್ಟ್‌ಗೆ ನಿಲ್ಲಿಸ್ದೆ. ಟೆಸ್ಟರ್ ಹಿಂದಿನ ಡಿಕ್ಕಿ ತೆಗ್ದು ಮೂಗು ಹಾಕಿದ, ಏನೂ ಮಾತಾಡ್ದೆ ನನ್ನ ಕರೆದು ತೋರ್ಸಿದ. ಹಳೇ ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪು, ಅದಕ್ಕೆ ಸ್ಕ್ರೂ ಕ್ಲಿಪ್ಪು, ಕ್ಲಿಪ್ಪಿನ ಹಲ್ಲು ರಬ್ಬರ್ ಒಳಗೆ ಕಚ್ಕೊಂಡು ಅಲ್ಲಿಂದ ಪೆಟ್ರೋಲ್ ಬೆವರಿನ ಥರ ಇಳೀತಿದೆ! ಮೊದಲಿನ ಮೆಕ್ಯಾನಿಕಲ್ ಪಂಪ್ ಒತ್ತಡ 3 ಪಿಎಸ್‌ಐ ಆಸುಪಾಸು, ಹೊಸ ಇಂಜಿನ್‌ನ ಇಂಜೆಕ್ಷನ್ ಪಂಪ್ ಕೊಡೋದು 3 ಬಾರ್, ಅಂದ್ರೆ 43 ಪಿಎಸ್‌ಐ ಹತ್ರ, ಹತ್ತು ಪಟ್ಟಿಗಿಂತ ಜಾಸ್ತಿ. ಅದರ ಮೇಲೆ 2021ರಿಂದ ಇಲ್ಲಿ ಬಂಕಲ್ಲಿ ಸಿಗೋ ಮಾಮೂಲಿ ಪೆಟ್ರೋಲ್ ಇ10, ಅಂದ್ರೆ 10% ತನಕ ಎಥನಾಲ್ ಬೆರೆಸಿದ್ದು, ಹಳೇ ರಬ್ಬರ್‌ನ ತಿಂದು ಹಾಕುತ್ತೆ. ಫೈಬರ್ ಬಾಡಿ ಗಾಡಿಗೆ ಒಂದು ಕಿಡಿ ಸಾಕು. ನನ್ ಮಗಳನ್ನ ಅದೇ ಗಾಡೀಲಿ ಕೂರಿಸ್ಕೊಂಡು ಬಂದಿದ್ದೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ.

ಇನ್ನು ಹೆಡ್‌ಲೈಟ್. ಎಲಾನ್‌ನಲ್ಲಿ ಲೈಟ್ ಮೇಲೇಳೋದು ಇಂಜಿನ್ ವ್ಯಾಕ್ಯೂಮ್‌ನಿಂದ, ಆ ವ್ಯಾಕ್ಯೂಮ್ ಸ್ಟಾಕ್ ಆಗೋದು ಚಾಸಿಯ ಮುಂದಿನ ಕ್ರಾಸ್‌ಮೆಂಬರ್ ಒಳಗೇನೆ. ಇವ್ರು ರೇಡಿಯೇಟರ್ ಬ್ರ್ಯಾಕೆಟ್‌ಗೆ ಅಂತ ಅದಕ್ಕೇ ತೂತು ಕೊರೆದಿದ್ದಾರೆ. ರಾತ್ರಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ವ್ಯಾಕ್ಯೂಮ್ ಬಿದ್ದು ಲೈಟ್ ಎರಡೂ ನಿಧಾನಕ್ಕೆ ಕಣ್ಣು ಮುಚ್ಕೊಳ್ತಿದ್ವು. ಗ್ಯಾರೇಜ್‌ನವ್ನನ್ನ ಕೇಳಿದ್ರೆ "ಓಲ್ಡ್ ಲೋಟಸ್, ಇದೆಲ್ಲ ಮಾಮೂಲಿ" ಅಂತ ನಕ್ಕ. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಆಗಾಗ ಕೈ ಕೊಡ್ತಿದ್ದಿದ್ದಕ್ಕೂ ಕಾರಣ ಅಷ್ಟೇ ಸಿಂಪಲ್, ಫೈಬರ್ ಬಾಡೀಲಿ ಅರ್ಥ್ ಸಿಗಲ್ಲ, ಪ್ರತಿಯೊಂದಕ್ಕೂ ಬೇರೆ ವೈರ್ ಎಳೀಬೇಕು, ಎಳೆದಿಲ್ಲ. ಹಿಂದಿನ ಡ್ರೈವ್‌ಶಾಫ್ಟ್‌ನ ರಬ್ಬರ್ ಡೋನಟ್‌ಗಳು (ಬಳೆ ಥರದ ಜಾಯಿಂಟ್) ಬಿರುಕು ಬಿಟ್ಟಿದ್ವು, ಹೊಸ ಇಂಜಿನ್ ಟಾರ್ಕ್ ಜಾಸ್ತಿ ಅಂತ ಗೊತ್ತಿದ್ದೂ ಮುಟ್ಟಿಲ್ಲ. ಸ್ಪೀಡಲ್ಲಿ ಅದು ಕಿತ್ಕೊಂಡ್ರೆ ಶಾಫ್ಟ್ ಬಡಿದು ಬಾಡಿನೇ ಒಡೆದು ಹಾಕುತ್ತೆ.

ಇಷ್ಟೆಲ್ಲ ಸರಿ ಮಾಡಿಸ್ಬೋದು ಬಿಡಿ, ದುಡ್ಡು ಸುರಿದ್ರೆ ಆಯ್ತು. ಸರಿ ಮಾಡೋಕಾಗ್ದೇ ಇರೋದು ಒಂದಿದೆ. ಹಳೇ ಟ್ವಿನ್ ಕ್ಯಾಮ್ ನನಗೆ ವಾಪಸ್ ಬೇಕು ಅಂತ ಮೊದಲೇ ಹೇಳಿದ್ದೆ, ಈಮೇಲ್‌ನಲ್ಲೂ ಇದೆ. ಮರದ ಪೆಟ್ಟಿಗೇಲಿ ಒಂದು ಇಂಜಿನ್ ತಂದುಕೊಟ್ರು. ಟಾರ್ಚ್ ಹಾಕಿ ಗ್ರೀಸ್ ಒರೆಸಿ ಬ್ಲಾಕ್ ಮೇಲಿನ ನಂಬರ್ ನೋಡಿದ್ರೆ ವಿ5ಸಿ (ಗಾಡಿ ರಿಜಿಸ್ಟ್ರೇಶನ್) ಪತ್ರದಲ್ಲಿರೋ ನಂಬರೇ ಬೇರೆ, ಇದೇ ಬೇರೆ. ಹೆಡ್ಡೂ ಇಲ್ಲ ಅದಕ್ಕೆ! ಕೇಳಿದ್ರೆ "ಸ್ಟೋರ್‌ನಲ್ಲಿ ಅದಲು ಬದಲಾಗಿರ್ಬೇಕು" ಅಂತಾನೆ. ಮ್ಯಾಚಿಂಗ್ ನಂಬರ್, ಅಂದ್ರೆ ಫ್ಯಾಕ್ಟರೀಲಿ ಹಾಕಿದ ಅದೇ ಇಂಜಿನ್ ಇರೋ ಎಲಾನ್‌ಗೂ ಇಲ್ದೇ ಇರೋದಕ್ಕೂ ಬೆಲೇಲಿ ಎಷ್ಟು ಅಂತರ ಅಂತ ಈ ವ್ಯವಹಾರ ಮಾಡೋರಿಗೆ ಹೇಳ್ಕೊಡ್ಬೇಕಾ.

ಬಿಲ್ ಪೂರ್ತಿ ಕಟ್ಟೋ ತನಕ ಗಾಡಿ ಬಿಡಲ್ಲ ಅಂದ್ರು, ರಿಪೇರಿ ಮಾಡಿದವ್ನಿಗೆ ಇಲ್ಲಿ ಆ ಹಕ್ಕಿದೆ, ಹಾಗಾಗಿ ಕಟ್ಟಿ ಗಾಡಿ ಬಿಡಿಸ್ಕೊಂಡು ಆಮೇಲೆ ಜಗಳ. ಒಂದೇ ಸಮಾಧಾನ ಅಡ್ವಾನ್ಸ್ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದು. ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ ಅಂತ ಎಷ್ಟು ದುಂಬಾಲು ಬಿದ್ರೂ ಒಪ್ಪಿಲ್ಲ. 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್ ಸೆಕ್ಷನ್ 75 ಪ್ರಕಾರ 100 ಪೌಂಡ್ ಮೇಲ್ಪಟ್ಟು 30,000 ಪೌಂಡ್ ತನಕದ ಕೆಲಸಕ್ಕೆ ಒಂದು ಭಾಗ ಕಾರ್ಡಲ್ಲಿ ಕೊಟ್ಟಿದ್ರೂ ಕಾರ್ಡ್ ಕಂಪನಿನೂ ಜವಾಬ್ದಾರಿ. ಕ್ಲೇಮ್ ಹಾಕಿದ್ದೀನಿ, ನೋಡ್ಬೇಕು.

ನೀವು ಗಾಡಿ ಬಿಡೋ ದಿನ ಇಂಜಿನ್ ನಂಬರ್ ಫೋಟೋ ತೆಗ್ದು ಜಾಬ್ ಶೀಟ್‌ನಲ್ಲಿ ಬರೆಸಿ ಸಹಿ ಹಾಕಿಸ್ಕೊಳ್ಳಿ, ಸಾಧ್ಯ ಆದ್ರೆ ಹಳೇ ಇಂಜಿನ್ ಇಳಿಸಿದ ದಿನವೇ ವ್ಯಾನ್ ತಂದು ಮನೆಗೆ ಒಯ್ರಿ. ಕೊಟೇಶನ್‌ನಲ್ಲಿ ಫ್ಯುಯೆಲ್ ಲೈನ್, ವೈರಿಂಗ್, ಡ್ರೈವ್‌ಶಾಫ್ಟ್ ಅನ್ನೋ ಪದಗಳೇ ಇಲ್ದಿದ್ರೆ ಅಲ್ಲಿಂದ ಎದ್ದು ಬನ್ನಿ. ಇಂಜಿನ್ ಬದಲಾದ್ಮೇಲೆ ಡಿವಿಎಲ್‌ಎಗೂ (ಇಲ್ಲಿನ ಆರ್‌ಟಿಒ ಥರದ ಆಫೀಸು) ಇನ್ಶೂರೆನ್ಸ್‌ಗೂ ತಿಳಿಸ್ಲೇಬೇಕು, ಅದನ್ನ ಗ್ಯಾರೇಜ್‌ನವ್ರು ಮಾಡ್ತಾರೆ ಅಂತ ಕೂತ್ಕೋಬೇಡಿ. ಮತ್ತೆ ಯಾರಾದ್ರೂ ಈಗ ಬಿಡಿ ಟ್ವಿನ್ ಕ್ಯಾಮ್ ಇಂಜಿನ್ ಕೊಳ್ಳೋಕೆ ಹುಡುಕ್ತಿದ್ರೆ, ಆ ನಂಬರ್ ಯಾವ ಗಾಡೀದು, ಯಾಕೆ ಬಿಚ್ಚಿದ್ರು ಅಂತ ಕೇಳಿ ಬಿಲ್ ಜೊತೆನೇ ತಗೊಳ್ಳಿ. ನನ್ದೂ ಎಲ್ಲೋ ಮಾರಾಟಕ್ಕೆ ಕೂತಿರ್ಬೇಕು.